ಐದು ವಾರದ ಬಾಟಲಿಗಳು

ಸೋಮವಾರ ಬೆಳಗ್ಗೆ 10.40ಕ್ಕೆ ಪ್ರೊಫೆಸರರು ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್ ಮೇಜಿನ ಕೆಳಗೆ ಮೊಣಕಾಲು ನೀವಿಕೊಳ್ಳುತ್ತಿದ್ದರು. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಕಾಲು ಆಗಲೇ ನಿವೃತ್ತಿ ತೆಗೆದುಕೊಂಡಾಗಿತ್ತು.

ದೂರು ಇಷ್ಟೇ. ಸಂಶೋಧನಾಲಯದ ಶೀತಕಪಾಟಿನಿಂದ ಒಂಬತ್ತು ಬಾಟಲಿ ಕಾಣೆಯಾಗಿವೆ. ಪ್ರತಿಯೊಂದೂ ಹೆಬ್ಬೆರಳಿನ ಗಾತ್ರದ್ದು. ಬೆಲೆ ಎಷ್ಟು ಎಂದು ಕೇಳಿದರೆ ಪ್ರೊಫೆಸರರು ಬೆರಳು ಮಡಿಚಿ ಲೆಕ್ಕ ಹಾಕಿದರು. ಏಳು ವರ್ಷ ಎಂದರು. ಎಫ್‌ಐಆರ್ ನಮೂನೆಯಲ್ಲಿ ವರ್ಷ ಬರೆಯುವ ಖಾನೆ ಇರಲಿಲ್ಲ. ಶುಕ್ರವಾರ ಔಷಧ ಕಂಪನಿಯವರು ಆ ಬಾಟಲಿಗಳನ್ನು ನೋಡಲೆಂದೇ ಬರುತ್ತಾರೆ, ಅಷ್ಟರೊಳಗೆ ಸಿಗದಿದ್ದರೆ ಎಲ್ಲ ಮುಗಿದಂತೆ ಎಂದರು. ಬೈಪಾಸ್ ಆದ ಮನುಷ್ಯ, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದರು.

12.15ಕ್ಕೆ ಸ್ಥಳ ಪಂಚನಾಮೆ. ಶೀತಕಪಾಟಿಗೆ ಭಾರಿ ಬೀಗ. ಅದರ ಕೀಲಿಕೈ ಪಕ್ಕದ ಮೊಳೆಯ ಮೇಲೆ, ಬಂದವರ ಕೈಗೆಲ್ಲ ಸಿಗುವ ಹಾಗೆ. ಹೆಡ್ ಕಾನ್ಸ್‌ಟೇಬಲ್ ಅದನ್ನೂ ಬರೆದುಕೊಂಡಳು. ಠಾಣೆಯಲ್ಲಿ ಓದಲು ಬರುವ ಹಾಗೆ ಬರೆಯುತ್ತಿದ್ದವಳು ಅವಳೊಬ್ಬಳೇ, ಹಾಗಾಗಿ ಎಲ್ಲ ಪಂಚನಾಮೆಯೂ ಅವಳ ತಲೆಗೇ.

ಬಾಟಲಿಯಲ್ಲಿ ಏನಿತ್ತು ಎಂಬುದನ್ನು ಪ್ರೊಫೆಸರರ ಹಿರಿಯ ಶಿಷ್ಯೆ ವಿವರಿಸಿದಳು. ಮೂವತ್ತನಾಲ್ಕರ ಆಸುಪಾಸು, ಕಣ್ಣಿನ ಕೆಳಗೆ ಕಪ್ಪು. ಒಂದು ಪುಡಿಯನ್ನು ನೀರಿಗೆ ಹಾಕಿದರೆ ಅದರ ಕಣಗಳು ತಾವಾಗಿಯೇ ಒಂದರ ಪಕ್ಕ ಒಂದು ನಿಂತು, ಕೂದಲಿಗಿಂತ ಸಾವಿರಾರು ಪಟ್ಟು ಸಪೂರ ಎಳೆಗಳಾಗಿ, ಎಳೆಗಳೆಲ್ಲ ಬಲೆಯಾಗಿ ನೀರನ್ನೇ ಹಿಡಿದು ನಿಲ್ಲಿಸುತ್ತವೆ. ನೋಡಲು ಗಟ್ಟಿ ಗಂಜಿಯ ಹಾಗೆ. ಅದರಲ್ಲಿ ಔಷಧ ಬೆರೆಸಿ ಗಾಯಕ್ಕೆ ಹಚ್ಚಿದರೆ ಔಷಧ ನಿಧಾನವಾಗಿ ಇಳಿಯುತ್ತದೆ. ಈ ಒಂಬತ್ತು ಬಾಟಲಿಯಲ್ಲಿ ಅದು ಗಟ್ಟಿ ಕಟ್ಟಿ ಎರಡು ವರ್ಷವಾಗಿದೆ, ಇನ್ನೂ ಸಡಿಲವಾಗಿಲ್ಲ. ಅದೇ ದೊಡ್ಡ ಸಂಗತಿ.

"ಗಟ್ಟಿಯಾಗಿದೆ ಅಂತ ಹೇಗೆ ಗೊತ್ತಾಗತ್ತೆ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ತಲೆಕೆಳಗು ಮಾಡಿ ನೋಡ್ತೀವಿ. ಇಳೀದಿದ್ರೆ ಕಟ್ಟಿದೆ ಅಂತ. ಸರ್ ದಿನಾ ಬೆಳಗ್ಗೆ ಬಂದ ತಕ್ಷಣ ಒಂದು ಬಾಟ್ಲಿ ತಿರುಗಿಸಿ ನೋಡಿ, ಆಮೇಲೇ ಕೂತ್ಕೊಳ್ಳೋದು."

ಕೋಟಿಗಟ್ಟಲೆಯ ಯಂತ್ರಗಳ ನಡುವೆ ನಿಂತು ಇಂಥ ಮಾತು ಕೇಳಿ ಇನ್ಸ್‌ಪೆಕ್ಟರಿಗೆ ಸ್ವಲ್ಪ ಸಮಾಧಾನವಾಯಿತು.

1.05ಕ್ಕೆ ಬಾಟಲಿಗಳು ಸಿಕ್ಕಿದವು. ಅದೂ ಹತ್ತು ಹೆಜ್ಜೆ ಆಚೆ, ಗಾಜಿನ ಸಾಮಾನು ತೊಳೆಯುವ ಹೆಂಗಸಿನ ಕಪಾಟಿನಲ್ಲಿ, ಅವಳ ಊಟದ ಡಬ್ಬಿಯ ಹಿಂದೆ. ಇಪ್ಪತ್ತಾರು ವರ್ಷದಿಂದ ಅಲ್ಲಿ ತೊಳೆಯುತ್ತಿದ್ದಾಳೆ. ಬೆಳಗ್ಗೆ ಏಳಕ್ಕೆ ಬಂದಾಗ ಕಸದ ಡಬ್ಬದಲ್ಲಿ ಬಿದ್ದಿದ್ದವು ಎಂದಳು. ಲೇಬಲ್ ಇದ್ದ ಬಾಟಲಿಯನ್ನು ರುಜು ಇಲ್ಲದೆ ಎಸೆಯುವ ಅಭ್ಯಾಸ ತನಗಿಲ್ಲ, ಯಾರಾದರೂ ಕೇಳಿದಾಗ ಕೊಡೋಣವೆಂದು ಎತ್ತಿಟ್ಟೆ, ಅಷ್ಟರಲ್ಲಿ ಕಳ್ಳತನ ಅಂತ ಗಲಾಟೆ ಶುರುವಾಗಿ ಬಾಯಿ ಕಟ್ಟಿಹೋಯಿತು ಎಂದಳು. ಒಳಗಿದ್ದದ್ದು ಅಷ್ಟರಲ್ಲಿ ನೀರಾಗಿತ್ತು.

ನಂಬಿದವರು ಯಾರೂ ಇಲ್ಲ. ಮೂರು ಗಂಟೆಗೆ ಕಚೇರಿಯವರು ನಾಳೆಯಿಂದ ಬರಬೇಡ ಎಂದು ಅವಳ ಕೈಗೆ ಪತ್ರ ಕೊಟ್ಟಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪೊಲೀಸರು ಬಂಧಿಸುವ ಮೊದಲೇ ಶಿಕ್ಷೆ ಕೊಡುವವರನ್ನು ಕಂಡರೆ ಇನ್ಸ್‌ಪೆಕ್ಟರಿಗೆ ಮೈ ಉರಿಯುತ್ತಿತ್ತು. ಅವಳನ್ನು ಒಳಗೆ ಹಾಕಿ ಕೇಸು ಮುಗಿಸಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಮೊಣಕಾಲು ಕೂಡ ಅದನ್ನೇ ಹೇಳುತ್ತಿತ್ತು.

"ಏನಮ್ಮಾ, ಕದ್ದೋಳು ಊಟದ ಡಬ್ಬಿ ಹಿಂದೆ ಇಟ್ಕೊಂಡು ಕೂತಿರ್ತಾಳಾ?" ಎಂದು ಜೀಪಿನಲ್ಲಿ ಹೆಡ್ ಕಾನ್ಸ್‌ಟೇಬಲನ್ನು ಕೇಳಿದರು.

"ಇಲ್ಲ ಸಾರ್. ನಾನಾದ್ರೆ ಸಿಂಕಿಗೆ ಸುರಿದು ಬಾಟ್ಲಿ ತೊಳೆದಿಟ್ಟುಬಿಡ್ತಿದ್ದೆ. ಅವಳ ಕೆಲಸವೇ ಅದಲ್ವಾ."

ಮಂಗಳವಾರ 11 ಗಂಟೆಗೆ ಗುರುತು ಹಿಡಿಯುವ ಪಂಚನಾಮೆ. ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟು ಒಬ್ಬೊಬ್ಬರನ್ನೇ ಕರೆಸಿದರು. ಮೊದಲು ಪ್ರೊಫೆಸರರು. ಬಾಟಲಿ ಎತ್ತಿದ್ದೇ ತಲೆಕೆಳಗು ಮಾಡಿದರು. ನೀರು ಮುಚ್ಚಳಕ್ಕಿಳಿಯಿತು. ಸೆಕೆಗೆ ಕೆಟ್ಟಿದೆ, ಶೀತದಲ್ಲಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ತಮಗೇ ಹೇಳಿಕೊಂಡರು. ಆಮೇಲೆ ಪ್ರಯೋಗಾಲಯದ ಸಹಾಯಕ. ಅವನೂ ಕೈಗೆ ಬಂದ ತಕ್ಷಣ ತಿರುಗಿಸಿ, ಛೆ ಎಂದ. ಮೂರನೆಯವಳು ಶಿಷ್ಯೆ. ಬಾಟಲಿ ತೆಗೆದುಕೊಂಡು ಲೇಬಲ್ ಓದಿ, ನಮ್ಮದೇ ಎಂದು ಹೇಳಿ, ನೆಟ್ಟಗೆ ಇಟ್ಟುಬಿಟ್ಟಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಉಲ್ಟಾ, ಎಲ್ಲರೂ ಹೆಗಲು ಮುಟ್ಟಿಕೊಂಡರು, ಮುಟ್ಟಿಕೊಳ್ಳದವಳು ಒಬ್ಬಳೇ. ಆದರೆ ಬಾಟಲಿ ತಿರುಗಿಸಲಿಲ್ಲ ಎಂದು ಯಾವ ನ್ಯಾಯಾಧೀಶರ ಮುಂದೆ ಹೇಳುವುದು?

ಕೊನೆಯಲ್ಲಿ ತೊಳೆಯುವವಳು. ಅವಳೂ ತಿರುಗಿಸಿದಳು, ಇಪ್ಪತ್ತಾರು ವರ್ಷದ ಕೈ. ತಿರುಗಿಸಿ, ಮೇಲೆ ಬಂದ ತಳವನ್ನು ಹೆಬ್ಬೆರಳಿನಿಂದ ಸವರಿ ಹುಬ್ಬು ಗಂಟಿಕ್ಕಿದಳು.

"ಏನಾಯ್ತು?"

"ಇದು ಹೊಸ ಬಾಟ್ಲಿ ಸಾರ್. ಹಳೇವುಕ್ಕೆ ತಳ ಚಪ್ಪಟೆ. ಇದಕ್ಕೆ ಗುಳಿ ಇದೆ ನೋಡಿ. ಗುಳೀಲಿ ಕೊಳೆ ಕೂತ್ಕೊಳ್ಳತ್ತೆ, ತೊಳೆಯೋಕೆ ಎರಡರಷ್ಟು ಹೊತ್ತು. ಬಂದ ದಿನಾನೇ ನಾನು ಜಗಳ ಆಡಿದ್ದೆ."

ಹೆಡ್ ಕಾನ್ಸ್‌ಟೇಬಲ್ ಹೋಗಿ ದಾಸ್ತಾನು ಪುಸ್ತಕ ತಂದಳು. ತಳದಲ್ಲಿ ಗುಳಿ ಇರುವ ಬಾಟಲಿಗಳು ಮೊದಲ ಸಲ ಬಂದದ್ದು ಲೇಬಲ್ಲಿನ ತಾರೀಖಿಗಿಂತ ಒಂದು ತಿಂಗಳ ನಂತರ. ಒಂಬತ್ತಕ್ಕೆ ಒಂಬತ್ತರ ತಳದಲ್ಲೂ ಗುಳಿ. ಎರಡು ವರ್ಷ ದಿನಾ ಬಾಟಲಿ ತಲೆಕೆಳಗು ಮಾಡಿ ನೋಡಿದವರ ಕಣ್ಣಿಗೆ ಆ ತಳ ಒಂದು ದಿನವೂ ಬಿದ್ದಿರಲಿಲ್ಲ.

3.30ಕ್ಕೆ ಶಿಷ್ಯೆಯನ್ನು ಮತ್ತೆ ಕರೆಸಿದರು. ಹೆಡ್ ಕಾನ್ಸ್‌ಟೇಬಲ್ ಪಕ್ಕದಲ್ಲಿ ಕುಳಿತಳು. ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. ಏರಿಸುವ ಚೈತನ್ಯವೂ ಇರಲಿಲ್ಲ.

"ಎಲ್ರೂ ತಿರುಗಿಸಿ ನೋಡಿದ್ರು. ನೀವೊಬ್ರೇ ನೋಡಲಿಲ್ಲ."

ಅವಳು ಮೇಜಿನ ಮೇಲಿದ್ದ ಬಾಟಲಿಯನ್ನು ಸ್ವಲ್ಪ ಆಚೆ ಸರಿಸಿದಳು.

"ಪತ್ರ ಕೊಟ್ಟಿದಾರಲ್ಲ, ಆಯಮ್ಮನಿಗೆ. ನೀವು ಏನಂತ ಕರೀತೀರಿ ಅವರನ್ನ?"

"ದೊಡ್ಡಮ್ಮ," ಎಂದಳು. ಅಲ್ಲಿಗೆ ಕಟ್ಟೆ ಒಡೆಯಿತು.

ಆ ಒಂಬತ್ತು ಬಾಟಲಿ ಕಟ್ಟಿದ ವಾರವೇ ಪ್ರೊಫೆಸರರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳು ಮನೆಯಲ್ಲಿದ್ದರು. ಬಾಟಲಿ ಹೇಗಿವೆ ಎಂದು ಹಾಸಿಗೆಯಿಂದಲೇ ದಿನಾ ಫೋನು ಮಾಡುತ್ತಿದ್ದರು. ಆರನೆಯ ವಾರ ಎಲ್ಲವೂ ನೀರಾದವು. ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಅವರು ಮರಳಿ ಬರುವ ಹಿಂದಿನ ದಿನ ಹೊಸ ಬಾಟಲಿಯಲ್ಲಿ ಹೊಸದಾಗಿ ಕಟ್ಟಿ, ಹಳೆಯ ತಾರೀಖು ಬರೆದು ಇಟ್ಟಳು.

"ಒಂದು ದಿನದ ಮಟ್ಟಿಗೆ ಅಂದ್ಕೊಂಡಿದ್ದೆ. ಬಂದ್ರು, ಬಾಟ್ಲಿ ತಿರುಗಿಸಿದ್ರು, ಅಲ್ಲೇ ನಿಂತು ಅತ್ತುಬಿಟ್ರು ಸಾರ್. ಆಮೇಲೆ ಹೇಗೆ ಹೇಳ್ಲಿ?"

ಅಂದಿನಿಂದ ಐದೈದು ವಾರಕ್ಕೊಮ್ಮೆ, ಭಾನುವಾರಗಳಂದು, ಹತ್ತೊಂಬತ್ತು ಸಲ. ಕಣಗಳೇನೋ ತಾವಾಗಿ ಕೂಡಿಕೊಳ್ಳುತ್ತಿದ್ದವು. ಸುಳ್ಳನ್ನು ಮಾತ್ರ ಅವಳು ಕೈಯಾರೆ ಕಟ್ಟಬೇಕಿತ್ತು. ಊರಿಗೆ ಹೋಗುವುದೇ ಬಿಟ್ಟಳು, ತಂಗಿಯ ಮದುವೆಗೆ ಹೋದರೂ ಆ ದಿನವೇ ಸಂಜೆಯ ಬಸ್ಸಿಗೆ ವಾಪಸು ಬಂದಳು. ಈ ಸಲ ಪುಡಿ ಮುಗಿದಿತ್ತು, ಹೊಸದು ಬರಲು ಹತ್ತು ದಿನ. ಭಾನುವಾರ ಬಾಟಲಿಗಳು ಸಡಿಲವಾಗತೊಡಗಿದಾಗ ತೊಳೆಯುವ ಕೋಣೆಯ ಕಸಕ್ಕೆ ಹಾಕಿದಳು. ಕಸದ ಜೊತೆ ಹೋಗಿಬಿಡುತ್ತದೆ, ಒಂದು ವೇಳೆ ಸಿಕ್ಕರೂ ಹೊರಗಿದ್ದು ಕೆಟ್ಟಿತು ಎಂದಾಗುತ್ತದೆ ಎಂಬ ಲೆಕ್ಕ. ಲೇಬಲ್ ಇರುವ ಬಾಟಲಿಯನ್ನು ದೊಡ್ಡಮ್ಮ ಎಸೆಯುವುದಿಲ್ಲ ಎಂಬುದು ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲ.

"ದೊಡ್ಡಮ್ಮನ ಮೇಲೆ ಬಂದಾಗ ಯಾಕೆ ಸುಮ್ಮನಿದ್ರಿ?"

"ಗೊತ್ತಿಲ್ಲ ಸಾರ್. ಸಾಕಾಗಿತ್ತು."

ಆ ಉತ್ತರವನ್ನು ಇನ್ಸ್‌ಪೆಕ್ಟರ್ ಮೂವತ್ತು ವರ್ಷದಲ್ಲಿ ಎಷ್ಟೋ ಬಾಯಲ್ಲಿ ಕೇಳಿದ್ದರು. ಒಪ್ಪಿಕೊಳ್ಳಲಾಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. 4.50ಕ್ಕೆ, ಸುಳ್ಳು ದಾಖಲೆಯ ಆರೋಪದ ಮೇಲೆ ಬಂಧನ ಎಂದು ನಮೂದಾಯಿತು. ಅದಾದ ಮೇಲೆ ಅವರು ಮಾಡಿದ ಮೊದಲ ಕೆಲಸ, ಸಂಶೋಧನಾಲಯದ ಕಚೇರಿಗೆ ಫೋನು ಮಾಡಿ ನಾಳೆ ಏಳಕ್ಕೆ ದೊಡ್ಡಮ್ಮನಿಗೆ ತೊಳೆಯುವ ಕೋಣೆಯ ಬಾಗಿಲು ತೆಗೆದಿರಬೇಕು ಎಂದು ಹೇಳಿದ್ದು. ಆ ಕಡೆಯವರು ನಿಯಮ ಹೇಳಲು ಬಂದರು. ಇನ್ಸ್‌ಪೆಕ್ಟರಿಗೆ ಎರಡು ದಿನದಲ್ಲಿ ಆಗ ಮಾತ್ರ ದನಿ ಏರಿಸುವ ಚೈತನ್ಯ ಬಂತು.

ಪ್ರೊಫೆಸರರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕುಳಿತು, ಬಿಡಿಸಿ ಹೇಳಿದರು. ಅವರು ಬೈಯಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ನಿಜವಾಗ್ಲೂ ಎಷ್ಟು ದಿನ ನಿಂತಿತ್ತಂತೆ?"

"ಐದು ವಾರ ಅಂದ್ರು."

"ಹತ್ತೊಂಬತ್ತು ಸಲಾನೂ?"

"ಹತ್ತೊಂಬತ್ತು ಸಲಾನೂ."

ಪ್ರೊಫೆಸರರು ತಮ್ಮ ಖಾಲಿ ಅಂಗೈ ನೋಡಿಕೊಂಡರು. "ಗಾಯ ಮೂರು ವಾರಕ್ಕೆ ಮಾಯತ್ತೆ ಇನ್ಸ್‌ಪೆಕ್ಟರೇ. ಪುಡಿಯಾಗೇ ಕೊಟ್ಟು ಬೇಕಾದ ದಿನ ಕಟ್ಕೊಳ್ಳಿ ಅಂದಿದ್ರೆ ಆಗ್ತಿತ್ತು. ಐದು ವಾರ ಸಾಕಿತ್ತು. ನಂಗೆ ಹೇಳಿದ್ರೆ ಸಾಕಿತ್ತು."

ಅವರು ಎದ್ದು ಮೆಟ್ಟಿಲಿಳಿದರು. ಇನ್ಸ್‌ಪೆಕ್ಟರ್ ಒಳಗೆ ಬಂದು ಕೇಸ್ ಡೈರಿ ತೆರೆದರು. ಕಾರಣ ಎಂಬ ಕಡೆ 'ಗುರುವಿನ ಮನಸ್ಸು ನೋಯಬಾರದೆಂಬ ಭಯ' ಎಂದು ಬರೆದರು. ಐದು ವಾರ ಸಾಕಿತ್ತು ಎಂಬ ಮಾತನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅದನ್ನು ಅವಳಿಗೆ ಇವತ್ತೇ ಹೇಳಬೇಕೋ, ನಾಳೆ ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಹೇಳಬೇಕೋ ಎಂದು ಯೋಚಿಸುತ್ತ ಮೊಣಕಾಲು ನೀವಿಕೊಂಡರು. ಆಮೇಲೆ ಹೆಡ್ ಕಾನ್ಸ್‌ಟೇಬಲನ್ನು ಕರೆದು, ಆ ಹುಡುಗಿಗೆ ಮೊದಲು ಊಟ ಕೊಡಿಸಿ, ನಿದ್ದೆ ಮಾಡಲಿ ಎಂದರು.