ಒಡೆಯನ ಕುರ್ಚಿಯಲ್ಲಿ ಒಂದು ತುತ್ತು

“ಅದನ್ನ ಮುಟ್ಟಬೇಡ ಕಂದಾ. ಅದು ನಿನ್ನದಲ್ಲ,” ಎಂದಳು ಮಾರೀನ್.

ಡಂಕನ್ ಸ್ಪರ್ಲಿಂಗ್‌ಗೆ ನಗು ಬಂತು. ಲಂಡನ್ನಿನಿಂದ ಈ ಹ್ಯಾಡನ್‌ಶಾ ಊರಿಗೆ ಬಂದಾಗಿನಿಂದ ಜನ ಅವನನ್ನು ಬಾಯಿಗೆ ಬಂದಂತೆ ಬೈದಿದ್ದರು. ಕಾರಿನ ಗಾಜಿಗೆ ಉಗಿದಿದ್ದರು. ಆದರೆ ಕಂದಾ ಎಂದವಳು ಇವಳೊಬ್ಬಳೇ. ಅದೂ ಮೈದಾನದೊಳಗಿನ ಇವಳ ಟೀ ಅಂಗಡಿಯನ್ನು ಮುಚ್ಚುವ ಆದೇಶಕ್ಕೆ ಅವನೇ ಸಹಿ ಹಾಕಿದ ಮೇಲೆ.

ನವೆಂಬರ್ ತಿಂಗಳ ಶನಿವಾರ. ಆಟ ಶುರುವಾಗಲು ಇನ್ನೂ ಹೊತ್ತಿತ್ತು, ಆದರೂ ಗುಡ್ಡದ ಕಡೆಯಿಂದ ಇಳಿದ ಮಂಜು ಮೈದಾನದ ಅರ್ಧವನ್ನು ಆಗಲೇ ನುಂಗಿತ್ತು. ಒದ್ದೆ ಕೋಟುಗಳ ವಾಸನೆ, ಆಟಗಾರರ ಕೋಣೆಯಿಂದ ಬರುವ ನೋವಿನೆಣ್ಣೆಯ ಘಾಟು, ಚಾವಣಿಯ ತೂತಿನಿಂದ ತೊಟ್ಟಿಕ್ಕುವ ನೀರಿನ ಸದ್ದು. ಮುಖ್ಯ ಗ್ಯಾಲರಿಯ ನಟ್ಟನಡುವೆ, ಉಳಿದವಕ್ಕಿಂತ ಅಗಲವಾದ, ಕೂರುವ ಹಲಗೆಯನ್ನು ಮೇಲಕ್ಕೆ ಮಡಚಿಡುವ ಒಂದು ಕುರ್ಚಿ. ಅದರ ತೋಳಿನ ಮೇಲೆ ಕಾಗದದ ತಟ್ಟೆಯಲ್ಲಿ ಹಿಟ್ಟಿನ ಕವಚದೊಳಗೆ ಮಾಂಸ ತುಂಬಿ ಬೇಯಿಸಿದ ಬಿಸಿಬಿಸಿ ಪೈ, ಪಕ್ಕದಲ್ಲಿ ಒಂದು ಲೋಟ ಟೀ.

ಹ್ಯಾಡನ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿದ ಹತ್ತಿಗಿರಣಿಯ ಸಾಹುಕಾರನ ಕಾಲದಿಂದ ನಡೆದುಬಂದ ಪದ್ಧತಿ ಅದು. ಆಟಕ್ಕೆ ಮೊದಲು ಒಡೆಯನ ಕುರ್ಚಿಗೆ ಪೈ ಇಡಬೇಕು. ಒಡೆಯ ಅದನ್ನು ಎಲ್ಲರೆದುರು ತಿನ್ನಬೇಕು. ಗಿರಣಿ ಮುಚ್ಚಿತು, ಸಾಹುಕಾರ ಸತ್ತ, ಕ್ಲಬ್ಬು ಕೈಯಿಂದ ಕೈಗೆ ಹೋಯಿತು. ಪೈ ಮಾತ್ರ ನಿಲ್ಲಲಿಲ್ಲ. ಈಗಿನ ಒಡೆಯ ಕ್ರಾನ್ಲೀ ಎಂಬಾತ ತೆರಿಗೆಯಿಲ್ಲದ ಯಾವುದೋ ಬಿಸಿಲಿನ ದ್ವೀಪದಲ್ಲಿ ಕೂತವನು. ಕ್ಲಬ್ಬು ಕೊಂಡು ವರ್ಷಗಳಾದರೂ ಈ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಅಲ್ಲಿಂದಲೇ ಒಳ್ಳೆಯ ಆಟಗಾರರನ್ನೆಲ್ಲ ಮಾರಿದ. ಮಕ್ಕಳ ತಂಡದ ಬಸ್ಸು ಮಾರಿದ. ಸ್ನಾನದ ಕೋಣೆಯ ಬಿಸಿನೀರು ನಿಲ್ಲಿಸಿದ. ತಾತ, ಅಪ್ಪ, ಮಗ ಎಂದು ತಲೆಮಾರುಗಳಿಂದ ಇಲ್ಲೇ ಕೂತು ಕೂಗಿದ ಜನ ಖಾಲಿ ಕುರ್ಚಿಯನ್ನು ನೋಡಿ ಹಲ್ಲು ಕಡಿಯುತ್ತಿದ್ದರು. ಇನ್ನೂ ಏನೇನು ಕತ್ತರಿಸಬಹುದೆಂದು ನೋಡಲು ಅವನು ಕಳಿಸಿದವನೇ ಈ ಡಂಕನ್.

“ಇದನ್ನ ಪ್ರತಿ ಸಲ ಕಸಕ್ಕೆ ಎಸೀತೀರಾ?” ಡಂಕನ್ ಕೇಳಿದ.

“ಎಸೀತೀವಿ.”

“ಇವತ್ತು ಎಸೆಯೋದು ಬೇಡ. ನಂಗೂ ಹಸಿವಾಗಿದೆ.”

ಮಾರೀನ್ ಅವನ ತೋಳು ಹಿಡಿದಳು. ಮುದುಕಿಯ ಕೈ ತಣ್ಣಗಿತ್ತು, ಹಿಡಿತ ಮಾತ್ರ ಗಟ್ಟಿ. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ಹೇಳಬಾರದು, ಆದ್ರೂ ಹೇಳ್ತೀನಿ ಕೇಳು. ನಾವು ನಾಲ್ಕು ಜನ ಹೆಂಗಸರು ಸೇರಿ ಅವನಿಗೆ ಮಾಟ ಮಾಡಿದೀವಿ. ಗೋಲಿನ ಮುಂದಿನ ಕೆಸರು ತಂದು ಗೊಂಬೆ ಮಾಡಿ, ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿ, ಬಾಟ್ಲಿಗೆ ತುಂಬಿ ಇದರ ಕೆಳಗೇ ಹೂತಿದೀವಿ. ಈ ಗುಡ್ಡದ ಅಜ್ಜಿಯರಿಗೆಲ್ಲ ಗೊತ್ತಿದ್ದ ವಿದ್ಯೆ ಅದು.”

“ಓಹೋ! ಮತ್ತೆ ಕ್ರಾನ್ಲೀ ಆರಾಮಾಗಿ ಬಿಸಿಲು ಕಾಯಿಸ್ಕೊಳ್ತಾ ಇದಾನಲ್ಲ?”

“ಮಾಟಕ್ಕೆ ಅವನ ಕೂದಲೋ ಉಗುರೋ ಬೇಕಿತ್ತು. ಎಲ್ಲಿಂದ ತರೋದು? ಆ ಪುಣ್ಯಾತ್ಮ ಒಂದು ಸಲನಾದ್ರೂ ಬಂದಿದ್ರೆ ತಾನೆ! ಅದಕ್ಕೆ ಕುರ್ಚಿಗೇ ಮಾಡಿದ್ವಿ. ಇದರಲ್ಲಿ ಕೂತು ಒಂದು ತುತ್ತು ತಿಂದವನೇ ಒಡೆಯ. ಒಡೆಯ ಹೆಂಗಿದಾನೋ ಅವನೂ ಹಂಗೇ ಆಗಲಿ ಅಂತ ಕಟ್ಟಿದೀವಿ.”

“ಹೆಂಗೆ? ಶ್ರೀಮಂತನಾ?”

“ಇದ್ದೂ ಇಲ್ಲದವನು.” ಮಾರೀನ್ ಅವನ ತೋಳನ್ನು ಹಿಂದಕ್ಕೆಳೆದಳು. “ಬೇಡಪ್ಪಾ. ನಿಂಗೊಬ್ಬಳು ಮಗಳಿದಾಳೆ ಅಂತ ಕೇಳಿದೀನಿ.”

ಈ ಮಾತಿಗೆ ಡಂಕನ್ ಜೋರಾಗಿಯೇ ನಕ್ಕ. ಈ ಊರಿನ ಜನ ಆಟ ಗೆಲ್ಲುವುದನ್ನು ಬಿಟ್ಟು ಬಾಟಲಿ ಹೂಳುತ್ತಾ ಕೂತಿದ್ದಾರೆಂದು ಸಂಜೆ ಹೆಂಡತಿಗೆ ಹೇಳಬೇಕೆಂದುಕೊಂಡ. ಕುರ್ಚಿಯ ಹಲಗೆಯನ್ನು ಕೆಳಗೆ ಒತ್ತಿದ. ಅದು ಕಿರ್ರೆಂದಿತು. ಕೂತ. ಪೈ ಎತ್ತಿ ಬಾಯಿ ತುಂಬ ಕಚ್ಚಿದ.

ಮೊದಲು ಮೆಣಸಿನ ಖಾರ ಹತ್ತಿತು. ಆಮೇಲೆ ಹಲ್ಲಿಗೆ ಮರಳು ಕರಕರ ಎಂದಿತು. ಮಳೆಯಲ್ಲಿ ಕಾಲ್ತುಳಿತಕ್ಕೆ ಸಿಕ್ಕ ಹುಲ್ಲಿನ ರುಚಿ, ಹಸಿ ಮಣ್ಣಿನ ರುಚಿ. ನಾಲಗೆಗೆ ಏನೋ ಚುಚ್ಚಿತು. ಕೈಗೆ ಉಗಿದು ನೋಡಿದರೆ ತುಕ್ಕು ಹಿಡಿದ ಗುಂಡುಸೂಜಿಯ ತಲೆ.

“ಇದೇನಿದು ಅಸಹ್ಯ! ಅಡುಗೆಮನೆಯಲ್ಲಿ ಕಣ್ಣಿಲ್ವಾ ನಿಮಗೆ?” ಎಂದು ತಲೆಯೆತ್ತಿದ.

ಮಾರೀನ್ ಅವನನ್ನು ನೋಡುತ್ತಿರಲಿಲ್ಲ. ಅವನು ಕೂತ ಜಾಗವನ್ನು ನೋಡುತ್ತಿದ್ದಳು. ಅವಳ ಕಣ್ಣು ಅವನ ಎದೆಯನ್ನು ಹಾದು ಹಿಂದಿನ ಸಾಲಿನ ಮೇಲೆ ನೆಟ್ಟಿತ್ತು. ಬಾಯಿಗೆ ಸೆರಗಿನಂತೆ ಏಪ್ರನ್ ಅದುಮಿಕೊಂಡು ಅವಳು ಮೆಟ್ಟಿಲಿಳಿದು ಓಡಿದಳು.

ಆಟ ಶುರುವಾಯಿತು. ಜನ ತುಂಬಿಕೊಂಡರು. ಎದುರಾಳಿ ತಂಡ ಮೊದಲ ಗೋಲು ಹೊಡೆದ ಕೂಡಲೇ ಎಂದಿನಂತೆ ಇಡೀ ಗ್ಯಾಲರಿ ಒಡೆಯನ ಕುರ್ಚಿಯ ಕಡೆ ತಿರುಗಿ ಉಗಿಯತೊಡಗಿತು.

“ಥೂ, ನಿನ್ನ ಮುಖಕ್ಕಿಷ್ಟು! ಬಾರೋ ಒಂದ್ಸಲ, ಬಂದು ನೋಡೋ!”

“ಎಲ್ಲಿಂದ ಬರ್ತಾನೆ ಮಾರಾಯಾ, ಮೈಗೆ ಎಣ್ಣೆ ಹಚ್ಕೊಂಡು ಮಲಗಿರ್ತಾನೆ!”

“ನಾನು ಕ್ರಾನ್ಲೀ ಅಲ್ಲ!” ಡಂಕನ್ ಕೂಗಿದ. ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎದ್ದು ಪಕ್ಕದವನ ಭುಜ ಹಿಡಿದು ಅಲುಗಿಸಿದ. ಆ ಮನುಷ್ಯ ಚಳಿಯಾದವನಂತೆ ಕೋಟಿನ ಗುಂಡಿ ಹಾಕಿಕೊಂಡ, ಅಷ್ಟೇ.

ಡಂಕನ್ ಕಚೇರಿಗೆ ಓಡಿದ. ಗುಮಾಸ್ತೆ ಅವನ ಕಣ್ಣೆದುರೇ ದೀಪ ಆರಿಸಿ ಬೀಗ ಹಾಕಿಕೊಂಡು ಹೋದಳು. ಮನೆಗೆ ಫೋನ್ ಮಾಡಿದ. ಏಳು ವರ್ಷದ ಮಗಳು ಫೀಬಿ ಎತ್ತಿಕೊಂಡಳು.

“ಹಲೋ? ಅಪ್ಪಾ?”

“ಹೌದು ಪುಟ್ಟಿ, ನಾನೇ! ಅಮ್ಮನ್ನ ಕರಿ!”

“ಅಪ್ಪಾ, ಮಾತಾಡು. ಯಾಕೆ ಸುಮ್ಮನಿದೀಯ?” ಆಮೇಲೆ ಹೆಂಡತಿ ಹ್ಯಾರಿಯೆಟ್‌ಳ ದನಿ, “ಯಾರೇ ಅದು? ಕೊಡಿಲ್ಲಿ... ಯಾರೂ ಇಲ್ವಲ್ಲೇ.” ಫೋನು ಕಟ್ಟಾಯಿತು.

ಅವನು ರೈಲು ನಿಲ್ದಾಣದ ಕಡೆ ಓಡಿದ. ಇಳಿಜಾರಿನ ಬೀದಿ, ಕಲ್ಲಿದ್ದಲ ಹೊಗೆ, ಮೀನು ಕರಿಯುವ ವಾಸನೆ. ಬೀದಿ ತಿರುಗಿದ. ಮಂಜು. ಇನ್ನೊಂದು ತಿರುವು. ಮಂಜು ದಟ್ಟವಾಯಿತು. ಮೀನಿನ ವಾಸನೆ ಹೋಗಿ ನೋವಿನೆಣ್ಣೆಯ ಘಾಟು ಬಂತು. ಕೈಚಾಚಿದ. ಬೆರಳಿಗೆ ಮರ ತಗುಲಿತು. ತಣ್ಣನೆಯ ಮರ. ಕುರ್ಚಿಯ ತೋಳು. ಕಿರ್ರೆಂದು ಹಲಗೆ ಇಳಿಯಿತು. ಅವನು ಕೂತಿದ್ದ.

ಎಷ್ಟು ಸಲ ಓಡಿದರೂ ಅಷ್ಟೇ. ದಾರಿಗಳೆಲ್ಲ ಅವನನ್ನು ತಂದು ಅಲ್ಲೇ ಕೂರಿಸಿದವು. ಹಸಿವಿಲ್ಲ, ನಿದ್ದೆಯಿಲ್ಲ. ಬಾಯಲ್ಲಿ ಮಣ್ಣಿನ ರುಚಿ ಮಾತ್ರ ಹೋಗಲೇ ಇಲ್ಲ.

ದ್ವೀಪದ ಕಚೇರಿಯಿಂದ ಯಾರಾದರೂ ತನ್ನನ್ನು ಹುಡುಕುತ್ತಾರೆಂದು ಅವನು ಕಾದ. ಪೊಲೀಸರು ಬಂದರು, ಗ್ಯಾಲರಿಯಲ್ಲಿ ಟಾರ್ಚು ಬಿಟ್ಟು ನೋಡಿ ಹೋದರು. ಕ್ರಾನ್ಲೀಯಿಂದ ಬಂದದ್ದು ಒಂದೇ ಸಂದೇಶ. ಅದನ್ನು ಗುಮಾಸ್ತೆ ಮೆಟ್ಟಿಲ ಮೇಲೆ ನಿಂತು ಮಾರೀನಳಿಗೆ ಹೇಳಿದ್ದನ್ನು ಡಂಕನ್ ಕಿವಿಯಾರೆ ಕೇಳಿದ. “ಡಂಕನ್ ಅವರ ಜಾಗಕ್ಕೆ ಬೇರೆಯವರು ಬೇಡವಂತೆ. ಒಂದು ಸಂಬಳ ಉಳೀತಲ್ಲ ಅಂತ ಬರೆದಿದಾರೆ.” ತಾನೇ ಎಷ್ಟೋ ಜನರ ಬಗ್ಗೆ ಬರೆದ ಮಾತು ಅದು. ಡಂಕನ್ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಟೀ ಅಂಗಡಿ ಮುಚ್ಚಿದ ದಿನ ಮಾರೀನ್ ಖಾಲಿ ಗ್ಯಾಲರಿಗೆ ಬಂದು ಕುರ್ಚಿಯ ಮುಂದೆ ನಿಂತಳು. ಮಡಚಿರಬೇಕಾದ ಹಲಗೆ ಕೆಳಗಿಳಿದೇ ಇರುವುದನ್ನು ಕಂಡು ಅವಳಿಗೆ ಗೊತ್ತಾಗಿರಬೇಕು.

“ಇದೀಯಾ ಕಂದಾ? ಬಾಟ್ಲಿ ತೆಗೆಯೋಣ ಅಂತ ನೋಡಿದ್ವಿ. ಅಗೆದಷ್ಟೂ ಕೆಳಕ್ಕೆ ಹೋಗ್ತಿದೆ, ಕೈಗೆ ಸಿಗ್ತಿಲ್ಲ.” ಮೂಗು ಒರೆಸಿಕೊಂಡಳು. “ಒಂದೇ ದಾರಿ. ಬೇರೆ ಯಾರಾದ್ರೂ ಇದರಲ್ಲಿ ಕೂತು ತಿನ್ನಬೇಕು. ಅವಾಗ ಇದು ನಿನ್ನ ಬಿಟ್ಟು ಅವರನ್ನ ಹಿಡ್ಕೊಳ್ಳುತ್ತೆ. ಊರವರು ಯಾರೂ ಕೂರಲ್ಲ, ಎಲ್ಲರಿಗೂ ಹೇಳಿದೀನಿ. ಹೊರಗಿನವರು ಬಂದ್ರೆ ತಡೆಯೋಕೆ ನಾನಿದ್ದೆ. ನಾಳೆಯಿಂದ ನನ್ನನ್ನೂ ಗೇಟಿನೊಳಗೆ ಬಿಡಲ್ವಂತೆ. ನಿನ್ನದೇ ಸಹಿ.”

ಅವಳು ಹೋದ ಮೇಲೆ ಡಂಕನ್‌ನ ಎದೆಯಲ್ಲಿ ಹೊಸ ಆಸೆಯೊಂದು ಹುಟ್ಟಿತು. ಅದು ಕೆಟ್ಟ ಆಸೆ ಎಂದು ಅವನಿಗೂ ಗೊತ್ತಿತ್ತು. ಯಾರಾದರೂ ಹೊರಗಿನವರು ಬರಲಿ. ದಾರಿ ತಪ್ಪಿದ ಯಾವನಾದರೂ ಬರಲಿ. ಹಸಿದವನು ಬರಲಿ. ಬಂದು ಕೂರಲಿ. ಹೆಂಡತಿಯ ಅಡುಗೆಮನೆಯ ಬೆಳಕು, ತನ್ನ ಬೆನ್ನ ಮೇಲೆ ಹತ್ತಿ ಕುಣಿಯುವ ಫೀಬಿಯ ಭಾರ, ಇವನ್ನು ನೆನೆದು ನೆನೆದು ಅವನು ಇನ್ನೊಬ್ಬನ ನಾಶಕ್ಕಾಗಿ ಹಗಲಿರುಳು ಬೇಡಿಕೊಂಡ.

ಹೊಸ ವರ್ಷದ ಮೊದಲ ಶನಿವಾರ ಬೇಡಿದ್ದು ಸಿಕ್ಕಿತು.

ಮಂಜು ಆ ದಿನ ಎದುರಿನ ಗೋಲನ್ನೂ ಮುಚ್ಚಿತ್ತು. ದೊಡ್ಡ ದೀಪಗಳು ಹಳದಿ ಕಲೆಗಳಾಗಿದ್ದವು. ಸಾಲಿನ ತುದಿಯಲ್ಲಿ ಇಬ್ಬರು ಅಪರಿಚಿತರು ಬರುವುದು ಕಂಡು ಡಂಕನ್ ಎದ್ದು ನಿಂತ. ಒಬ್ಬಳು ಹೆಂಗಸು, ಒಂದು ಮಗು. ಮಗುವಿನ ಕೈಯಲ್ಲಿ ಹೊರಗಿನ ಗಾಡಿಯಲ್ಲಿ ಕೊಂಡ ಪೈ ಹೊಗೆಯಾಡುತ್ತಿತ್ತು. ಸಾಲಿನಲ್ಲಿ ಖಾಲಿ ಇದ್ದದ್ದು ನಡುವಿನ ಕುರ್ಚಿಗಳೇ. ಊರವರು ಅದರ ಅಕ್ಕಪಕ್ಕವೂ ಸುಳಿಯುತ್ತಿರಲಿಲ್ಲ.

ಬನ್ನಿ, ಬನ್ನಿ ಎಂದು ಅವನ ತುಟಿ ಪಿಟಿಪಿಟಿ ಎನ್ನುತ್ತಿತ್ತು.

ಮಗು ಮಂಜಿನಿಂದ ಹೊರಬಂತು. ಕೆಂಪು ಟೋಪಿ. ಉದುರಿದ ಮುಂದಿನ ಹಲ್ಲು.

“ಅಮ್ಮಾ, ಅಪ್ಪ ಇಲ್ಲೇ ಕೆಲಸ ಮಾಡ್ತಿದ್ದಿದ್ದಾ?” ಎಂದಳು ಫೀಬಿ.

“ಹೂಂ ಪುಟ್ಟಿ. ಇಲ್ಲೇ ಎಲ್ಲಾದ್ರೂ ಯಾರಾದ್ರೂ ನೋಡಿರ್ತಾರೆ, ಕೇಳೋಣ,” ಎಂದಳು ಹ್ಯಾರಿಯೆಟ್. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

“ಈ ದೊಡ್ಡ ಕುರ್ಚಿ ನಂಗೆ!”

ಡಂಕನ್ ಕಿರುಚಿದ. “ಬೇಡ! ಫೀಬಿ, ಬೇಡ!” ಕೇಳಿಸಲಿಲ್ಲ. ಹ್ಯಾರಿಯೆಟ್‌ಳ ಮುಂದೆ ನಿಂತು ಕೈ ಬೀಸಿದ. ಅವಳು ಕೂದಲು ಸರಿಮಾಡಿಕೊಂಡಳು. ಫೀಬಿ ಹತ್ತಿರ ಬಂದಳು. ಇನ್ನೂ ಹತ್ತಿರ. ಪೈಯ ಮೂಲೆಯನ್ನು ಊದಿದಳು. ಒಂದು ಕ್ಷಣ, ಒಂದೇ ಕ್ಷಣ, ಅವನೊಳಗಿನ ಯಾವುದೋ ಮೂಲೆ ಸುಮ್ಮನಿರು ಎಂದಿತು. ಕೂತರೆ ನೀನು ಮನೆಗೆ ಹೋಗುತ್ತೀಯ ಎಂದಿತು. ಆ ಮಾತು ಕೇಳಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವನು ಕುರ್ಚಿಯ ಹಿಂದಕ್ಕೆ ಹಾರಿದ. ಹಲಗೆಯನ್ನು ಮೇಲಕ್ಕೆತ್ತಿದ. ಎರಡೂ ಕೈಯಲ್ಲಿ ಅವಚಿ ಹಿಡಿದ. ಫೀಬಿ ಒತ್ತಿದಳು. ಅವನು ಎಳೆದ. ಅವಳು ಮೊಣಕಾಲೂರಿ ಒತ್ತಿದಳು. ಉಸಿರು ಕಟ್ಟಿತು. ಬೆರಳು ಕಿತ್ತುಬರುವಂತಾಯಿತು. ಬಿಡಲಿಲ್ಲ.

“ಅಮ್ಮಾ, ಇದು ಇಳೀತಾನೇ ಇಲ್ಲ!”

“ಬಿಡು ಪುಟ್ಟಿ, ಮುರಿದಿರಬೇಕು. ಇಲ್ಲಿ ಏನು ತಾನೆ ನೆಟ್ಟಗಿದೆ? ಬಾ, ಈ ಕಡೆ.”

ಅವರು ಪಕ್ಕದ ಕುರ್ಚಿಗಳಲ್ಲಿ ಕೂತರು. ಡಂಕನ್ ಹಲಗೆ ಬಿಡದೆ ಅಲ್ಲೇ ನಿಂತು ಮಗಳು ಪೈ ತಿನ್ನುವುದನ್ನು ನೋಡಿದ. ಬಿಸಿ ತಾಗಿ ನಾಲಗೆ ಹೊರಚಾಚುವುದನ್ನು ನೋಡಿದ. ಕೈಚಾಚಿದರೆ ಅವಳ ಟೋಪಿ ಸಿಗುವಷ್ಟು ಹತ್ತಿರ. ಕೈ ಬಿಡುವಂತಿರಲಿಲ್ಲ. ಎಂದೂ ಆಡದ ಪ್ರಾರ್ಥನೆಗಳನ್ನು ತೊದಲುತ್ತಾ ಆಟ ಮುಗಿಯುವವರೆಗೂ ನಿಂತ.

ಜನ ಎದ್ದರು. ಹ್ಯಾರಿಯೆಟ್ ಕಂಡಕಂಡವರಿಗೆಲ್ಲ ಗಂಡನ ಫೋಟೊ ತೋರಿಸಿದಳು. ಎಲ್ಲರೂ ತಲೆಯಲ್ಲಾಡಿಸಿ ಬೇಗಬೇಗ ಮೆಟ್ಟಿಲಿಳಿದರು.

“ಅಪ್ಪ ಯಾಕಮ್ಮಾ ಬರ್ಲಿಲ್ಲ?”

“ಬರ್ತಾರೆ. ಸಿಗೋವರೆಗೂ ಪ್ರತಿ ಶನಿವಾರ ನಾವೇ ಬರೋಣ, ಆಯ್ತಾ? ಇಲ್ಲೇ ಕೂರೋಣ.”

“ಮುಂದಿನ ಸಲ ಈ ಕುರ್ಚಿ ಸರಿಮಾಡಿರ್ತಾರಾ?”

“ಕೇಳ್ತೀನಿ ಪುಟ್ಟಿ.”

ಅವರ ಹೆಜ್ಜೆಸದ್ದು ಮಂಜಿನಲ್ಲಿ ಕರಗಿತು. ದೀಪಗಳು ಆರಿದವು. ಡಂಕನ್ ಆಗ ತನ್ನ ಕೈಗಳ ಕಡೆ ನೋಡಿದ. ಹಲಗೆಯನ್ನು ತಡೆದು ಹಿಡಿದಿದ್ದ ಬಲಗೈಯ ಕಿರುಬೆರಳು ಅವನಿಗೇ ಕಾಣಲಿಲ್ಲ. ಅದರ ಪಕ್ಕದ್ದೂ ಮಸುಕಾಗಿ, ಅದರ ಮೂಲಕ ಮರದ ಗೆರೆಗಳು ಕಾಣುತ್ತಿದ್ದವು. ಉಳಿದ ಬೆರಳುಗಳಿಂದ ಹಲಗೆಯನ್ನು ಇನ್ನೂ ಬಿಗಿಯಾಗಿ ಹಿಡಿದ. ಅದು ಕಿರ್ರೆಂದು ಅರ್ಧಕ್ಕೆ ಇಳಿಯಿತು.