ಬಿಸಿಲಿಗೆ ಬಿಗಿದ ಮುಚ್ಚಳ

ಮೇ ಒಂಬತ್ತರ ಬೆಳಿಗ್ಗೆ 7.40ಕ್ಕೆ ಸಿರಿಗೇರಿಯ ಚನ್ನವೀರಮ್ಮ ಕುರುಗೋಡು ಠಾಣೆಗೆ ಬಂದರು. ಹಿಂದಿನ ಸಂಜೆ ಮೊಪೆಡ್ಡಿನಲ್ಲಿ ಹೊರಟಿದ್ದ ಗಂಡ ಮಲ್ಲಯ್ಯನವರ ಶವ ರಸ್ತೆ ಬದಿಯ ಬೇವಿನ ಮರದಡಿ ಸಿಕ್ಕಿತ್ತು. ಕಾನ್‌ಸ್ಟೆಬಲ್ ಗವಿಸಿದ್ದಪ್ಪ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಕೂರಿಸಿದ.

“ಯಾರ ಮ್ಯಾಲಾದ್ರೂ ಸಂಶಯ ಐತೇನಮ್ಮ?” ಇನ್‌ಸ್ಪೆಕ್ಟರ್ ಅರುಣಾ ಕೇಳಿದರು.

“ಇಲ್ರಿ. ಕೊರಳಾಗಿನ ಲಿಂಗ ಕಾಣವಲ್ದು ಮೇಡಂ. ಜಳಕ ಮಾಡುವಾಗೂ ತೆಗೀತಿರಲಿಲ್ಲ. ಅದರ ಜೋಡಿನೇ ಮಣ್ಣು ಮಾಡಬೇಕ್ರಿ. ಹುಡುಕಿ ಕೊಡ್ರಿ.”

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಒಂದು ಸಂಗತಿ ತಾಳೆಯಾಗಲಿಲ್ಲ. ಕೆಂಪು ಬಣ್ಣ ಮೆತ್ತಿದ ಮೊಪೆಡ್ ಎರಡು ಮೈಲಿ ಹಿಂದೆ ಬಿದ್ದಿತ್ತು. ಶವದ ತಲೆಯಡಿ ಮಡಚಿದ ಟವೆಲ್ ಇತ್ತು, ಪಕ್ಕದಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ. ಸರ್ಕಾರಿ ಆಸ್ಪತ್ರೆ ಅಲ್ಲಿಂದ ಕೂಗಳತೆ ದೂರ.

“ಗುದ್ದಿ, ಹೊತ್ತು ತಂದು, ತಲಿದಿಂಬು ಇಟ್ಟು ಹೋಗ್ಯಾನ,” ಎಂದ ಗವಿಸಿದ್ದಪ್ಪ. “ಎಂಥ ಮನುಷ್ಯಾರೀ ಇವ.”

ಪೆಟ್ಟು ಬಿದ್ದ ಮೇಲೂ ಮಲ್ಲಯ್ಯ ಗಂಟೆಗಟ್ಟಲೆ ಬದುಕಿದ್ದರೆಂದು ಮರಣೋತ್ತರ ಪರೀಕ್ಷೆಯ ವೈದ್ಯರು ಹೇಳಿದರು. ಅಂದು ಸಂಜೆ ಹೊಸ ಲಿಂಗ ಕಟ್ಟಿ ಮಣ್ಣು ಮಾಡಿದರು.

ಸುಳಿವು ಸಿಕ್ಕಿದ್ದು ಬಳ್ಳಾರಿಯ ಕಾರು ತೊಳೆಯುವ ಅಂಗಡಿಯಲ್ಲಿ. ಕೆಂಪು ಸ್ಪೋರ್ಟ್ಸ್ ಕಾರಿನ ಬಿಳಿ ಸೀಟಿನ ಮೇಲೆ ಕುಂಕುಮ ಚೆಲ್ಲಿದೆ ಎಂದು ಒಬ್ಬ ಅಪಘಾತದ ರಾತ್ರಿಯೇ ತೊಳೆಸಿಕೊಂಡು ಹೋಗಿದ್ದ. ಕಾರು ಸಿರುಗುಪ್ಪದ ಅಕ್ಕಿ ಗಿರಣಿಯ ದೊಡ್ಡಬಸವರಾಜರದು. ಓಡಿಸಿದವನು ಅವರ ಮಗ ಸಮ್ರಾಟ್, ವಯಸ್ಸು ಇಪ್ಪತ್ತಾರು.

“ನಾಯಿಗೆ ಗುದ್ದಿದ್ದೆ ಮೇಡಂ.”

“ನಾಯಿ ಸೀಟಿನ್ಯಾಗ ಕುಂತಿತ್ತೇನು?”



ಠಾಣೆಯ ಅಂಗಳದಲ್ಲಿ, ನೆತ್ತಿಯ ಬಿಸಿಲಿನಲ್ಲಿ, ಕಾರಿನ ಜಪ್ತಿ ಪಂಚನಾಮೆ ನಡೆಯಿತು. ಡ್ಯಾಶ್‌ಬೋರ್ಡಿನಲ್ಲಿ ಹೊರಗೆ ಕಾಣದ ಮೂರು ಖಾನೆಗಳಿದ್ದವು. ಎರಡು ತೆರೆದವು, ಖಾಲಿ. ಪರದೆಯ ಹಿಂದಿನದು ಎಷ್ಟು ಒತ್ತಿದರೂ ಜಗ್ಗಲಿಲ್ಲ.

“ಅದು ಕೆಟ್ಟೈತ್ರಿ,” ಎಂದ ಸಮ್ರಾಟ್.

ಪಂಚರಾಗಿ ಬಂದಿದ್ದ ಮುದುಕ ತಿಪ್ಪೇಸ್ವಾಮಿ ಸೀಟಿನಲ್ಲಿ ಕೂತು ಬೆವರುತ್ತಿದ್ದರು. ನೋಡಲಾರದೆ ಗವಿಸಿದ್ದಪ್ಪ ಕಾರು ಚಾಲೂ ಮಾಡಿ ಎಸಿ ಹಾಕಿದ. “ಆರಾಮ ಕೂಡ್ರಿ ಯಜಮಾನ್ರ.” ಬರವಣಿಗೆ ಇನ್ನೂ ಮುಗಿದಿರಲಿಲ್ಲ, ಟಕ್ಕೆಂದು ಮೂರನೆಯ ಮುಚ್ಚಳ ತಾನಾಗಿ ತೆರೆದುಕೊಂಡಿತು. ಬಿಸಿಲಿಗೆ ಉಬ್ಬಿ ಬಿಗಿದಿದ್ದು ತಂಪಿಗೆ ಸಡಿಲಾಗಿತ್ತು. ಒಳಗೆ ದಾರ ಹರಿದ ಬೆಳ್ಳಿಯ ಕರಡಿಗೆ, ಅದರಲ್ಲಿ ಲಿಂಗ.

ಸಮ್ರಾಟ್ ಬಾಯಿಬಿಟ್ಟ.

“ಅವರೇ ನನ್ನ ಕೈಯಾಗ ಕೊಟ್ರು. ದಾರ ಹರಿದೈತಿ, ನೆಲಕ್ಕ ಬೀಳಬಾರದು ಅಂದ್ರು. ಅದಕ್ಕ ಅಲ್ಲಿಟ್ಟೆ. ಮರುದಿನ ಮಧ್ಯಾಹ್ನ ತಗಡಿನ ಶೆಡ್ಡಿನ್ಯಾಗ ತೆಗಿಯಾಕ ಹೋದ್ರ ಬರಲಿಲ್ಲ.”

“ಆಸ್ಪತ್ರಿ ಎದುರಿಗೇ ಇತ್ತಲ್ಲ. ಯಾಕ ಇಳಿಸಿದಿ?”

“ಕೇಳದೇ ಕಾರು ತಂದಿದ್ದೆ. ಅಲ್ಲಿ ಹೆಸರು ಬರಸ್ಕೊಂತಾರ. ಅಪ್ಪ ಬೈತಾನಂತ…”

ಅರುಣಾ ಅದನ್ನು ಹಾಗೆಯೇ ಬರೆಸಿದರು. ಸಂಜೆ ಐದಕ್ಕೆ ಬಂಧನವಾಯಿತು.

ಕರಡಿಗೆಯ ಗುರುತು ಹಿಡಿಯಲು ಚನ್ನವೀರಮ್ಮ ಬಂದರು.

“ಇದು ಸಾಕ್ಷಿ ಅಮ್ಮ. ಕೋರ್ಟು ಹೇಳೋತನಕ ಕೊಡಾಕ ಬರಂಗಿಲ್ಲ,” ಎಂದರು ಅರುಣಾ.

“ನೀರು ಕುಡುದ್ರೇನ್ರಿ ಅವ್ರು?”

“ಕುಡುದಾರಮ್ಮ.”

ಲಕೋಟೆಗೆ ಅರಗಿನ ಮುದ್ರೆ ಹಾಕಬೇಕಿತ್ತು. ಗವಿಸಿದ್ದಪ್ಪ ಕರಡಿಗೆಯನ್ನು ಚನ್ನವೀರಮ್ಮನವರ ಅಂಗೈಯಲ್ಲಿಟ್ಟು, ಬೆಂಕಿಪೊಟ್ಟಣ ತರುತ್ತೇನೆಂದು ಹೊರಗೆ ಹೋದ. ಪೊಟ್ಟಣ ಅವನ ಜೇಬಿನಲ್ಲೇ ಇತ್ತು. ಆದಷ್ಟು ಹೊತ್ತು ಅಂಗಳದಲ್ಲಿ ನಿಂತ. ಆಮೇಲೆ ಒಳಗೆ ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡ.