ಮೂರನೆಯ ಕುದುರೆ

ಚಿತ್ರದಲ್ಲಿ ಮಹೇಅ ಮೂರನೆಯ ಕುದುರೆಯ ಮೇಲಿದ್ದಳು. ದ್ವೀಪದ ವೈಮೆಯಾ ಊರಿನ ಮೆರವಣಿಗೆಯಲ್ಲಿ ಕೆಂಪು ಲಂಗ ಉಟ್ಟು ಸವಾರಿ ಹೊರಟ ಹೆಂಗಸರನ್ನು ಒಬ್ಬ ಕಲಾವಿದ ಬರೆದ, ಕೆಲವೇ ಪ್ರತಿ ಅಚ್ಚು ಹಾಕಿಸಿದ, ಒಂದನ್ನು ಸವಾರರ ಮುಂದಾಳು ಕವೇಹಿಗೆ ಕೊಟ್ಟ. ಹಿಂದಿನ ಸಾಲಿನವರಿಂದ ಮುಖ ತೆಗೆದುಕೊಂಡ, ಪ್ರತಿ ಕೊಡಲಿಲ್ಲ. ಹೆಂಡತಿ ಮಹೇಅ ತೀರಿಕೊಂಡ ಮೇಲೂ ಲೋಪಕಾ ಇದನ್ನು ಮರೆಯಲಿಲ್ಲ. ಅತ್ತದ್ದೂ ಇಲ್ಲ. ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯನ್ನು ದಿನಾ ತೆರೆದ, ಮುಚ್ಚಿದ, ಅಷ್ಟೆ.

ಈಗ ಕವೇಹಿಯೂ ಹೋದಳು. ಅವಳ ಅಕ್ಕ ಪುವಲಾನಿ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದಳು.

"ಇದರ ಬೆಲೆ ಎಷ್ಟು ನೋಡಪ್ಪ. ಶನಿವಾರ ಅವಳ ಜೊತೆ ಪೆಟ್ಟಿಗೇಲಿ ಇಡ್ತೀನಿ."

"ಹೂಳೋದಕ್ಕೆ ಬೆಲೆ ಯಾಕೆ ಆಂಟಿ?"

"ನನ್ನ ಮಗನಿಗೆ ಹೇಳೋಕೆ ಕಣೋ. ಇಲ್ದಿದ್ರೆ ಬಂಗಾರ ಹೂತ್ಲು ಮುದುಕಿ ಅಂತ ಸಾಯೋವರೆಗೂ ಕುಟುಕ್ತಾನೆ. ಗಾಜು ತೆಗೆದ್ಬಿಡು, ಅವಳ ಕೈಗೆ ಕಾಗದ ತಾಗ್ಬೇಕು. ನಿನ್ನ ಹೆಂಡ್ತೀನೂ ಇದ್ದಾಳಲ್ಲ ಇದರಲ್ಲಿ! ಬಾಯಿ ಮುಚ್ತಿರಲಿಲ್ಲ ಮಾರಾಯ್ತಿ, ಕುದುರೆಗೇ ಕಿವಿನೋವು."

ಲೋಪಕಾ ನಗಲಿಲ್ಲ. ಮಹೇಅ ಎರಡನೆಯ ಸಲ ಮಣ್ಣಿಗೆ ಹೋಗುವುದನ್ನು ಅವನು ಒಪ್ಪಲಾರ. ಕೇಳಿದ್ದರೆ ಮುದುಕಿ ಕೊಡುತ್ತಿದ್ದಳೇನೋ. ಕೇಳಿಕೊಳ್ಳುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಗಾಜು ತೆಗೆದು ಬೆರಳ ತುದಿಯಿಂದ ಕಾಗದ ಸವರಿದ. ರೇಷ್ಮೆ ಪರದೆಯಿಂದ ಒತ್ತಿದ ಎಣ್ಣೆ ಬಣ್ಣ, ಲಂಗದ ಮಡಿಕೆಗಳಲ್ಲಿ ದಪ್ಪ. ಸೊಂಟದ ಬಟ್ಟೆ ಜಾರದಂತೆ ಸಿಕ್ಕಿಸಿದ ಕುಕುಯಿ ಕಾಯಿಯ ಉಬ್ಬು ಕೂಡ ಬೆರಳಿಗೆ ತಿಳಿಯುತ್ತಿತ್ತು.

"ಬಿಸಿಲಿಗೆ ಮಾಸಿದೆ ಆಂಟಿ, ಬೆಲೆ ಅಷ್ಟಕ್ಕಷ್ಟೆ. ಬಿಟ್ಟು ಹೋಗಿ, ಚೊಕ್ಕ ಮಾಡಿ ಕೊಡ್ತೀನಿ."

ಅದೇ ದಪ್ಪದ ಕಾಗದ ಹುಡುಕಿದ. ಅಂಗಡಿಯ ದೊಡ್ಡ ಪ್ರಿಂಟರಿನಲ್ಲಿ, ನೀರಲ್ಲಿ ಕಲಸಿದ ಶಾಯಿಯಲ್ಲಿ, ಪ್ರತಿ ತೆಗೆದ. ಮಡಿಕೆಗಳನ್ನೂ ಕುಕುಯಿ ಕಾಯಿಗಳನ್ನೂ ಹಿಂದಿನಿಂದ ಚಮಚದ ಬೆನ್ನಿನಲ್ಲಿ ಒತ್ತಿ ಉಬ್ಬಿಸಿದ. ಕಲಾವಿದನ ಸಹಿಯನ್ನೂ ಪ್ರತಿಯ ಸಂಖ್ಯೆಯನ್ನೂ ಪೆನ್ಸಿಲ್ಲಿನಲ್ಲಿ ಬರೆದ. ಮೇಲೆ ಮೆರುಗೆಣ್ಣೆ ಬಳಿದರೆ ಹೊಳೆದು ಗುಟ್ಟು ಬಿಟ್ಟುಕೊಡುತ್ತದೆ, ಬಳಿಯಲಿಲ್ಲ. ಸಾಕ್ಷಿಯನ್ನು ಊರವರೇ ಹಾಡು ಹೇಳಿ ಹೂಳುತ್ತಾರೆ. ಇದಕ್ಕಿಂತ ಭದ್ರವಾದ ಕಳ್ಳತನ ಯಾವುದು? ಮೂಲ ಚಿತ್ರವನ್ನು ತನ್ನ ಹಾಸಿಗೆಯ ಎದುರಿಗೆ ತೂಗುಹಾಕಿದ. ಸಂತೋಷವಾಗುತ್ತದೆಂದು ಕಾದ. ಆಗಲಿಲ್ಲ.

ಶನಿವಾರ ಇಗರ್ಜಿಯಲ್ಲಿ ಬಿಳಿ ಗೌನು ತೊಟ್ಟ ಕವೇಹಿಯ ಎದೆಯ ಮೇಲೆ ಚಿತ್ರವನ್ನಿಟ್ಟರು. ಪುವಲಾನಿ ತಂಗಿಯ ಬೆರಳುಗಳನ್ನು ಅದರ ಅಂಚಿಗೆ ತಾಗಿಸಿದಳು.

"ಹೊಸದರ ಹಾಗೆ ಮಾಡಿದ್ದೀಯಲ್ಲೋ" ಎಂದು ಲೋಪಕಾನ ಕೆನ್ನೆ ತಟ್ಟಿದಳು.

"ಇಲ್ಲಿ ಬಾ ಲೋಪಕಾ, ಇದನ್ನ ಹಿಡ್ಕೋ" ಎಂದು ಪಾದ್ರಿ ಮರದ ಬಟ್ಟಲನ್ನು ಅವನ ಕೈಗಿತ್ತರು. ಬಟ್ಟಲಲ್ಲಿ ಉಪ್ಪುನೀರಿತ್ತು. ಹೊಸ ಮನೆಗಾಗಲಿ, ಹೊಸ ದೋಣಿಗಾಗಲಿ, ಹೊರಟ ಜೀವಕ್ಕಾಗಲಿ, ಅದನ್ನು ಹಸಿರೆಲೆಯಿಂದ ಚಿಮುಕಿಸದೆ ಈ ನೆಲದಲ್ಲಿ ಯಾವುದೂ ಮುಗಿಯುವುದಿಲ್ಲ. ಹುಟ್ಟಿದಂದಿನಿಂದ ಅವನು ನೋಡಿದ್ದ. ಮಹೇಅಳ ಮೇಲೂ ಚಿಮುಕಿಸಿದ್ದರು. ಪಾದ್ರಿ ಎಲೆ ಅದ್ದಿ ಚಿಮುಕಿಸಿದರು. ಮೊದಲು ಮುಂದಾಳುವಿನ ಲಂಗ ಕರಗಿತು, ಆಮೇಲೆ ಮೂರನೆಯ ಕುದುರೆಯ ಮೇಲಿನ ಮುಖ. ಕೆಂಪು ಬಣ್ಣ ಕಾಗದದಿಂದ ಇಳಿದು ಕವೇಹಿಯ ಬಿಳಿ ಗೌನಿಗೆ ಹರಿಯಿತು. ಹಾಡು ನಿಂತಿತು. ಪುವಲಾನಿ ಅದನ್ನು ನೋಡಿದಳು, ನಂತರ ಬಟ್ಟಲು ಹಿಡಿದಿದ್ದ ಅವನ ಕೈಗಳನ್ನು.